ಪರ್ಸೋಂ ಅಂದರೆ ಯಾವಾಗ?

ನನ್ನ ಹೆಂಡತಿ ಮತ್ತು ಅವಳ ತಮ್ಮ ಐದು ತಿಂಗಳು ಮಾತು ಬಿಟ್ಟಿದ್ದರು. ಹೊಲದ ಬದುವಿಗೆ ಜಗಳವಾಡಿ ಮಾತು ಬಿಟ್ಟವರನ್ನು ನಾನು ನೋಡಿದ್ದೇನೆ. ಮದುವೆಯಲ್ಲಿ ಊಟಕ್ಕೆ ಕರೆಯುವುದು ಮರೆತರು ಎಂದು ಬಿಟ್ಟವರನ್ನೂ ನೋಡಿದ್ದೇನೆ. ಇವರಿಬ್ಬರು ಮಾತು ಬಿಟ್ಟದ್ದು ಜಪಾನಿನವರು ಬಣ್ಣದಲ್ಲಿ ಬರೆದ ಒಬ್ಬ ಮುದುಕ ಯಾವಾಗ ಸತ್ತ ಎಂಬ ಮಾತಿಗೆ. ಇದನ್ನು ಶಾಲೆಯಲ್ಲಿ ಯಾರಿಗಾದರೂ ಹೇಳಿಕೊಳ್ಳಲು ಬಾಯಿ ಬರಬೇಕಲ್ಲ! ಮನೆಯಲ್ಲಿ ಏನು ಸಮಾಚಾರ ಎಂದು ಕೇಳಿದರೆ, ಎಲ್ಲ ಆರಾಮ್ರಿ ಎಂದು ಹಾಜರಿ ಪುಸ್ತಕ ಹಿಡಿದು ಎದ್ದುಬಿಡುತ್ತಿದ್ದೆ.

ನಾನು ಶಹಾಪುರದ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿಕೊಡುವ ಮಾಸ್ತರ. ಹೆಂಡತಿ ತಾಲೂಕು ಕಚೇರಿಯಲ್ಲಿ ಗುಮಾಸ್ತೆ. ಅವಳ ತವರು ಸುರಪುರ. ತಮ್ಮ ಯಾದಗಿರಿಯ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ಅವರ ಅವ್ವ ತೀರಿಕೊಂಡಾಗ ಅವಳಿಗೆ ಹದಿಮೂರು, ಅವನಿಗೆ ನಾಲ್ಕು. ಕಾಲುವೆಯ ಗೇಟು ಕಾಯುವ ಕೆಲಸದಲ್ಲಿದ್ದ ಅಪ್ಪನೂ ನಮ್ಮ ಮದುವೆಯಾದ ಕೆಲವೇ ವರ್ಷಕ್ಕೆ ಹೋದರು. ಹೀಗಾಗಿ ಅವಳಿಗೆ ತವರು ಅಂತ ಉಳಿದದ್ದು ಈ ತಮ್ಮ ಒಬ್ಬನೇ. ವರ್ಷಕ್ಕೊಮ್ಮೆ ಪಂಚಮಿಗೆ ಅವನು ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತಾನೆ, ಸುರಪುರದ ಮನೆಯ ಬೀಗ ತೆಗೆಯುತ್ತಾರೆ, ನಾಗಪ್ಪನಿಗೆ ಹಾಲೆರೆಯುತ್ತಾರೆ, ಎರಡು ದಿನ ಇದ್ದು ಬರುತ್ತಾರೆ. ಆ ವರ್ಷ ಶ್ರಾವಣ ಹತ್ತಿರ ಬಂದರೂ ತಮ್ಮನ ಫೋನಿಲ್ಲ. ಅವಳೂ ಮಾಡಲಿಲ್ಲ.

ಆ ಮುದುಕ ಬರುವ ಟಿವಿ ಮಾಲಿಕೆಯ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅದರ ಭಕ್ತರು ನನ್ನ ಮನೆಯ ವಿಳಾಸ ಹುಡುಕಿಕೊಂಡು ಬರುತ್ತಾರೆ. ಸುರಪುರದ ಆ ಮನೆಯಲ್ಲಿ ಅದನ್ನು ‘ಕಂದೀಲಿನ ಕಥಿ’ ಎನ್ನುತ್ತಿದ್ದರು. ಒಬ್ಬ ಹುಡುಗ ಕೈಯಲ್ಲಿ ಕಂದೀಲು ಹಿಡಿದುಕೊಂಡು ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ನಡೆಯುತ್ತಾನೆ. ಇವರಿಬ್ಬರೂ ಮಕ್ಕಳಾಗಿದ್ದಾಗ ಪ್ರತಿ ಭಾನುವಾರ, ನಮ್ಮ ಕಡೆಯ ಐತವಾರ, ಅದು ಹಿಂದಿಯಲ್ಲಿ ಬರುತ್ತಿತ್ತಂತೆ. ಅವನು ಇವತ್ತಿಗೂ ನಡೆಯುತ್ತಲೇ ಇದ್ದಾನೆ. ನನ್ನ ತಲೆಯ ಅರ್ಧ ಕೂದಲು ಹೋಯಿತು, ಆ ಮಹಾರಾಯನಿಗೆ ಇನ್ನೂ ಮೀಸೆ ಮೂಡಿಲ್ಲ. ಇದನ್ನು ಒಮ್ಮೆ ಹೆಂಡತಿಯ ಮುಂದೆ ಅಂದೆ.

“ಈ ಕಾರ್ಟೂನಿಗೆ ಇಷ್ಟು ಹೊಡದಾಡ್ತೀರಲ್ಲ” ಎಂದೂ ಸೇರಿಸಿದೆ.

“ಕಾರ್ಟೂನ್ ಅನಬ್ಯಾಡ್ರಿ. ಜಪಾನಿನದಕ್ಕ ಅನಿಮೆ ಅನ್ರಿ” ಎಂದಳು. ಆ ದಿನ ನನ್ನ ತಟ್ಟೆಗೆ ರೊಟ್ಟಿ ಬಿದ್ದ ಸಪ್ಪಳವೇ ಬೇರೆ ಇತ್ತು.

ಜಗಳ ಹೀಗಿದೆ. ಕಂದೀಲಿನ ಹುಡುಗನಿಗೆ ಒಬ್ಬ ಗುರು. ಆ ಗುರು ಸಾಯುವ ಕಂತೊಂದಿದೆ. ಅವನು ಕಣ್ಣು ಮುಚ್ಚುತ್ತಿದ್ದಂತೆ ಬೆಟ್ಟದ ಮೇಲಿನ ನೂರಾರು ಕಂದೀಲುಗಳು ಒಂದೊಂದಾಗಿ ಆರುತ್ತವೆ. ಇದು ಮಾಲಿಕೆಯ ಯಾವ ಭಾಗಕ್ಕೂ ಸೇರದ ಬಿಡಿ ಕಂತು. ಜಪಾನಿನವರು ಅದನ್ನು ಬಿಡಿಯಾಗಿಯೇ ತೋರಿಸಿ ಕೈ ತೊಳೆದುಕೊಂಡರಂತೆ. ನಮ್ಮ ಟಿವಿಯವರು ಕೈಗೆ ಸಿಕ್ಕ ಭಾನುವಾರ ಅದನ್ನು ನಡುವೆ ತುರುಕಿದರು. ಯಾವ ಭಾನುವಾರ ಎಂದು ಯಾರೂ ಬರೆದಿಟ್ಟಿಲ್ಲ. ಅದು ಮೊದಲನೇ ಭಾಗದ ನಡುವೆ ಬಂತು ಎಂದು ತಮ್ಮ, ಎರಡನೇ ಭಾಗ ಶುರುವಾದ ಮೇಲೆ ಬಂತು ಎಂದು ಅಕ್ಕ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮೊದಲನೇ ಭಾಗ ಬರುವಾಗ ಅವರ ಅವ್ವ ಇದ್ದಳು. ಎರಡನೇ ಭಾಗ ಬರುವ ಹೊತ್ತಿಗೆ ಇರಲಿಲ್ಲ. ತಮ್ಮನಿಗೆ ಅವ್ವನ ನೆನಪು ಅಂತ ಇರುವುದು ಒಂದೇ ಒಂದು. ಗುರು ಸಾಯುವ ಆ ಕಂತನ್ನು ಅವನು ಅವ್ವನ ತೊಡೆಯ ಮೇಲೆ ತಲೆ ಇಟ್ಟುಕೊಂಡು ನೋಡಿದ್ದು. ಅಕ್ಕ ಹೇಳುವುದು ನಿಜವಾದರೆ ಅವನಿಗೆ ಆ ಒಂದು ನೆನಪೂ ಇಲ್ಲ.

ಇದನ್ನು ಅವರು ಮನೆಯೊಳಗೆ ಕೂತು ಮಾತಾಡಿಕೊಂಡಿದ್ದರೆ ಏನೋ ಒಂದು ಆಗುತ್ತಿತ್ತು. ಆದದ್ದು ಫೋನಿನ ಗ್ರೂಪಿನಲ್ಲಿ. ರಾಯಚೂರು, ಕಲಬುರಗಿ, ಹೈದರಾಬಾದು, ಎಲ್ಲ ಕಡೆಯ ಕಂದೀಲು ಭಕ್ತರು ಅದರಲ್ಲಿದ್ದಾರೆ. ರಾಯಚೂರಿನ ಒಬ್ಬಾತ ಅದರ ಯಜಮಾನ. ಅವರ ಕೆಲಸ ಏನೆಂದರೆ ಇಡೀ ಕಥೆಯನ್ನು ಮೊದಲಿನಿಂದ ಕೊನೆತನಕ ಕಾಲದ ಸರದಿಯಲ್ಲಿ ಜೋಡಿಸುವುದು. ಮೂರನೇ ಕೋಟೆಯಲ್ಲಿ ಹುಡುಗನ ಗಲ್ಲದ ಮೇಲೆ ಗಾಯದ ಗುರುತಿದೆ, ಆರನೇ ಕೋಟೆಯಲ್ಲಿ ಇಲ್ಲ, ಆದ್ದರಿಂದ ಆರು ಮೊದಲು, ಮೂರು ಆಮೇಲೆ. ಹೀಗೆ. ಜಪಾನಿನ ಚಿತ್ರಗಾರ ಆ ದಿನ ಗಾಯ ಬರೆಯಲು ಮರೆತಿರಬಹುದು ಎಂದು ಯಾರಾದರೂ ಅಂದರೆ ಅವನನ್ನು ಗ್ರೂಪಿನಿಂದ ಹೊರಗೆ ಹಾಕುತ್ತಾರೆ.

ನನ್ನ ಹೊಟ್ಟೆ ಉರಿಯುವುದು ಯಾಕೆಂದರೆ, ಕಾಲದ ಲೆಕ್ಕದಲ್ಲಿ ನಮ್ಮ ಸೀಮೆಯವರಷ್ಟು ನಿಶ್ಚಿಂತರು ಬೇರೆ ಇಲ್ಲ. ನಮ್ಮಲ್ಲಿ ಇರುವುದು ಎರಡೇ ಕಾಲ. ಕಾಲುವೆಗೆ ನೀರು ಬರುವ ಮೊದಲು, ನೀರು ಬಂದ ಮೇಲೆ. ನಮ್ಮ ಊರು ವಡಗೇರಾದ ಕಡೆ. ನಾನು ಯಾವಾಗ ಹುಟ್ಟಿದೆ ಎಂದು ನಮ್ಮವ್ವನನ್ನು ಕೇಳಿದರೆ, “ಅತ್ತಾಗ ಶಹಾಪುರದ ಕಡೆ ಕಾಲುವಿ ಅಗಿಯಾಕತ್ತಿದ್ರು, ನಿಮ್ಮಪ್ಪ ಮಣ್ಣು ಹೊರಾಕ ಹೋಗಿದ್ದ, ಆವಾಗ” ಎನ್ನುತ್ತಾಳೆ. ಕಾಲುವೆಯನ್ನೇನು ಒಂದು ದಿನದಲ್ಲಿ ಅಗೆದರೇ? ವರ್ಷಗಟ್ಟಲೆ ಅಗೆದರು. ಶಾಲೆಗೆ ಹಚ್ಚುವಾಗ ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿ ಜೂನ್ ಒಂದು ಎಂದು ಬರೆದುಕೊಂಡರು. ನನ್ನ ಒಡಹುಟ್ಟಿದ ತಮ್ಮನಿಗೂ ಜೂನ್ ಒಂದು. ಹೆಂಡತಿಗೂ ಜೂನ್ ಒಂದು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜೂನ್ ಒಂದರಂದೇ ಹುಟ್ಟಿದವರು. ತಾವು ಹುಟ್ಟಿದ ದಿನ ಗೊತ್ತಿಲ್ಲದ ಜನ ಕಂದೀಲಿನ ಹುಡುಗನ ಹುಟ್ಟಿದ ದಿನಕ್ಕೆ ಕುಸ್ತಿಗೆ ಬೀಳುತ್ತಾರೆ!

ಬಿದ್ದಿದ್ದರು ಕೂಡ. ಮೊದಲನೇ ಭಾಗದಲ್ಲಿ ಹುಡುಗ ತನಗೆ ಹನ್ನೆರಡು ಎನ್ನುತ್ತಾನೆ, ಅದೇ ಚಳಿಗಾಲದಲ್ಲಿ ಇನ್ನೊಬ್ಬ ಅವನಿಗೆ ಹದಿಮೂರು ಎನ್ನುತ್ತಾನೆ. ಗ್ರೂಪಿನಲ್ಲಿ ವಾರಗಟ್ಟಲೆ ಗದ್ದಲ. ಕೊನೆಗೆ ನನ್ನ ಭಾಮೈದ ಬರೆದ, “ಅವರೂರ ಮಾಸ್ತರು ಶಾಲಿಗಿ ಹಚ್ಚುವಾಗ ಒಂದು ವರ್ಷ ಹೆಚ್ಚಿಗಿ ಬರದಿರಬೇಕು.” ಯಾದಗಿರಿ, ರಾಯಚೂರಿನವರೆಲ್ಲ ಹೌದು ಹೌದು, ಹಂಗೇ ಆಗಿರತದ ಎಂದು ಒಪ್ಪಿ ಮುಂದಿನ ಪ್ರಶ್ನೆಗೆ ಹೋದರು. ಹೈದರಾಬಾದಿನ ಪಟ್ಟಣದ ಹುಡುಗರಿಗೆ ತಲೆಬುಡ ತಿಳಿಯಲಿಲ್ಲ. ಜಪಾನಿನ ಹುಡುಗನಿಗೆ ನಮ್ಮವರು ಜೂನ್ ಒಂದು ಹಚ್ಚಿ ಕೈಬಿಟ್ಟಿದ್ದರು.

ಗುರುವಿನ ಸಾವಿನ ಪ್ರಶ್ನೆ ಮಾತ್ರ ಹೀಗೆ ಬಗೆಹರಿಯಲಿಲ್ಲ. ಅದರ ಮೂಲ ಒಂದು ಶಬ್ದ. ಏಳನೇ ಕೋಟೆಯ ಬಾಗಿಲಿಗೆ ಹುಡುಗ ಬಂದು ಗುರುಗಳು ಎಲ್ಲಿ ಎಂದು ಕೇಳುತ್ತಾನೆ. ಬಾಗಿಲು ಕಾಯುವವ ಹಿಂದಿಯಲ್ಲಿ, ಗುರೂಜಿ ಪರ್ಸೋಂ ತೀರಿಕೊಂಡರು ಎನ್ನುತ್ತಾನೆ. ಏಳನೇ ಕೋಟೆ ಮೊದಲನೇ ಭಾಗದಲ್ಲಿ ಬಂತು. ಅದರಲ್ಲಿ ಜಗಳವಿಲ್ಲ. ಪರ್ಸೋಂ ಎಂದರೆ ಹಿಂದಿಯಲ್ಲಿ ಮೊನ್ನೆ, ಅಂದರೆ ನಿನ್ನೆಯ ಹಿಂದಿನ ದಿನ. ಹಾಗಿದ್ದರೆ ಗುರು ಸತ್ತು ಎರಡೇ ದಿನ, ಸಾಯುವ ಕಂತು ಅದರ ಹಿಂದಿನ ಭಾನುವಾರವೇ ಬಂದಿರಬೇಕು, ಅವ್ವ ಇದ್ದಳು. ಇದು ತಮ್ಮನ ವಾದ.

ಅಕ್ಕ ಬೆಳೆದದ್ದು ಉರ್ದು ಮಾತಾಡುವ ಮನೆಗಳ ನಡುವೆ. ನಮ್ಮ ಕಡೆಯ ಉರ್ದುವಿನಲ್ಲಿ ಪರ್ಸೋಂ ಎಂಬುದಕ್ಕೆ ಎರಡು ದಿನವೆಂಬ ಕಟ್ಟುಪಾಡಿಲ್ಲ. ಪಕ್ಕದ ಮನೆಯ ಮುದುಕಿ, ಪರ್ಸೋಂ ನನ್ನ ಮದುವೆಯಾದಾಗ ಈ ಬೇವಿನ ಮರ ಇಷ್ಟೇ ಇತ್ತು ಎಂದು ಮೊಣಕಾಲು ತೋರಿಸುತ್ತಿದ್ದಳಂತೆ. ಕಳೆದುಹೋದದ್ದೆಲ್ಲ ಪರ್ಸೋಂ. ಮೊನ್ನೆ ಎನ್ನುವುದಕ್ಕೆ ನಾವು ಹೇಳುವ ‘ಮನ್ನಿ’ಯೂ ಅದೇ ಜಾತಿ. ಮನ್ನಿ ನೀರು ಬಂತಲ್ಲ ಎಂದು ಮೂವತ್ತು ವರ್ಷದ ಹಿಂದಿನ ಮಾತು ಆಡುವವರು ನಾವು. ಆದ್ದರಿಂದ ಗುರು ಎಂದೋ ಸತ್ತಿದ್ದ, ಆ ಹಳೆಯ ಕಥೆಯನ್ನು ಆಮೇಲೆ ತೋರಿಸಿದರು, ಎರಡನೇ ಭಾಗ ಶುರುವಾದ ಮೇಲೆ. ಇದು ಅಕ್ಕನ ವಾದ.

ತಮ್ಮ ಗ್ರೂಪಿನಲ್ಲಿ ಬರೆದ, “ನಾ ಅದನ್ನ ಅವ್ವನ ತೊಡಿ ಮ್ಯಾಲ ಮಲಗಿ ನೋಡೀನಿ. ಇದಕ್ಕಿಂತ ಪುರಾವೆ ಏನು ಬೇಕು?”

ಅಕ್ಕ ಬರೆದಳು, “ನೀ ನೋಡಿದಾಗ ಅವ್ವ ಇರಲಿಲ್ಲ. ನಿಂಗ ಆವಾಗ ಚಡ್ಡಿ ಹಾಕ್ಕೊಳ್ಳಾಕ ಬರತಿರಲಿಲ್ಲ, ಪುರಾವೆ ಹೇಳಾಕ ಬಂದಾನ.”

ನೂರಾರು ಜನರ ಮುಂದೆ. ಹೈದರಾಬಾದಿನವರು ನಗುವ ಮುಖಗಳನ್ನು ಸಾಲಾಗಿ ಹಾಕಿದರು. ಅವತ್ತೇ ಅವನು ಮಾತು ಬಿಟ್ಟ.

ಇಬ್ಬರೂ ನನ್ನನ್ನು ಬಿಡಲಿಲ್ಲ ನೋಡಿ. ನಾನು ಇತಿಹಾಸದ ಮಾಸ್ತರನಲ್ಲವೇ! ನನ್ನನ್ನೂ ಆ ಗ್ರೂಪಿಗೆ ಎಳೆದು ಹಾಕಿದ್ದಳು ಹೆಂಡತಿ, ಸಾಕ್ಷಿ ಬೇಕಾದಾಗ ಇರಲಿ ಎಂದು. ದಿನಾ ಬೆಳಗ್ಗೆ ಚಹಾ ಕೊಡುವಾಗ ಒಂದೇ ಮಾತು, “ನೀವs ಹೇಳ್ರಿ. ಪರ್ಸೋಂ ಅಂದ್ರ ಯಾವಾಗ?” ಒಂದು ದಿನ ತಾಳ್ಮೆ ತಪ್ಪಿ, ಗುರು ಕಥೆಯಲ್ಲಿ ಯಾವಾಗ ಸತ್ತ ಎನ್ನುವುದು ಬೇರೆ, ಟಿವಿಯಲ್ಲಿ ಯಾವಾಗ ತೋರಿಸಿದರು ಎನ್ನುವುದು ಬೇರೆ, ಎರಡಕ್ಕೂ ಸಂಬಂಧವೇ ಇಲ್ಲ, ಎಂಟನೇ ತರಗತಿಯ ಹುಡುಗರಿಗೂ ಇದು ತಿಳಿಯುತ್ತದೆ ಎಂದೆ. ಅವಳು ಚಹಾದ ಬಟ್ಟಲು ವಾಪಸು ತೆಗೆದುಕೊಂಡು ಹೋದಳು. ಇದೇ ಮಾತನ್ನು ತಮ್ಮನಿಗೆ ಫೋನಿನಲ್ಲಿ ಹೇಳಿದೆ. ನೀವು ಅಕ್ಕನ ಪಾರ್ಟಿ ಮಾಮಾ ಎಂದು ಅವನು ಫೋನಿಟ್ಟ.

ನೋಡುವಷ್ಟು ನೋಡಿದೆ. ಪಂಚಮಿಗೆ ವಾರವಿರುವಾಗ ಹೆಂಡತಿ ಶೇಂಗಾ ಹುರಿಯಲು ಕೂತಳು. ಉಂಡಿ ಕಟ್ಟುವುದನ್ನು ಅವಳು ಬಿಟ್ಟವಳಲ್ಲ. ಎಷ್ಟು ಕಟ್ಟುತ್ತೀ, ಊರಿಗೆ ಹೋಗುತ್ತೀಯೇನು ಎಂದು ಕೇಳಿದೆ. “ಕರಿಯಾಕ ಬಂದ್ರ ಹೋಗತೀನಿ. ಬರದಿದ್ರ ಇಲ್ಲೇ ಹಾಲು ಎರಿತೀನಿ. ನಂಗೇನು ತವರಿನ ಹಂಬಲ ಇಲ್ಲ” ಎಂದಳು. ಹೀಗೆನ್ನುತ್ತ ಹುರಿದ ಶೇಂಗಾದ ಸಿಪ್ಪೆ ಊದದೆ ಹಾಗೇ ಒರಳಿಗೆ ಸುರಿದಳು. ನನಗೆ ಇಬ್ಬರ ಮೇಲೂ ಮೈಯೆಲ್ಲ ಉರಿದುಹೋಯಿತು. ಅರ್ಧ ದಿನ ರಜೆ ಬರೆದು ಯಾದಗಿರಿಯ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಭತ್ತದ ನಾಟಿಗೆ ಹೊರಟ ಹೆಂಗಸರ ಬುತ್ತಿ ಗಂಟುಗಳ ನಡುವೆ ಒಂದು ಕಾಲ ಮೇಲೆ ನಿಂತು ಭೀಮಾ ನದಿ ದಾಟಿದೆ. ದಾರಿಯುದ್ದಕ್ಕೂ ಅವನಿಗೆ ಏನೇನು ಬೈಯಬೇಕು ಎಂದು ಜೋಡಿಸಿಕೊಂಡೆ. ಅಂಗಡಿಯಲ್ಲಿ ಅವನು ಒಂದು ಫೋನಿನ ಹೊಟ್ಟೆ ಬಿಚ್ಚಿ, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ.

“ಬರ್ರಿ ಮಾಮಾ. ಕೂಡ್ರಿ. ಚಾ ಹೇಳ್ತೀನಿ.”

“ಚಾ ಆಮ್ಯಾಗ. ಪಂಚಮಿಗಿ ಬರ್ತಿಯೋ ಇಲ್ಲೋ, ಅದನ್ನ ಹೇಳು ಮೊದಲ.”

“ಅಕ್ಕ ಪರ್ಸೋಂ ಅಂದ್ರ ಎರಡು ದಿನ ಅಂತ ಗ್ರೂಪಿನ್ಯಾಗ ಬರೀಲಿ. ಅವತ್ತೇ ಬರ್ತೀನಿ.”

“ಲೇ ಹುಚ್ಚಪ್ಯಾಲಿ, ಅದೊಂದು ಗೊಂಬಿ ಮುದುಕ! ಸತ್ರ ಏನು, ಇದ್ರ ಏನು! ಅಕ್ಕಗಿಂತ ಅದು ಹೆಚ್ಚಾತೇನು?”

ಅವನು ಕಣ್ಣಿನ ಗಾಜು ತೆಗೆದು ಮೇಜಿನ ಮೇಲಿಟ್ಟ. “ಮುದುಕನ ಸಲುವಾಗಿ ಅಲ್ರಿ. ಅಕ್ಕಗ ಅವ್ವನ ಕೂಡ ಹದಿಮೂರು ವರ್ಷ ಅವ. ಅವ್ವ ಹೊಡದದ್ದು, ಎಣ್ಣಿ ಹಚ್ಚಿದ್ದು, ಜಾತ್ರಿಗಿ ಕರಕೊಂಡು ಹೋಗಿದ್ದು, ಎಲ್ಲಾ ಅದ ಅಕಿ ಹತ್ರ. ನಂದು ಇರೂದು ಒಂದೇ. ಅದನ್ನೂ ಇಲ್ಲ ಅಂತ ಬರದಾಳ, ಅದೂ ನಾಕು ಮಂದಿ ಮುಂದ.”

ಬೈಯಲು ಜೋಡಿಸಿಕೊಂಡು ಬಂದದ್ದನ್ನೆಲ್ಲ ಬಿಟ್ಟು ಸ್ಟೂಲಿನ ಮೇಲೆ ಕೂತೆ. ಆದರೆ ನನಗೆ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು ಅಷ್ಟೇ. ಹೆಂಡತಿಗಾದರೂ ಒಂದು ಮಾತು ಬಿಟ್ಟುಕೊಡಲು ಏನು ಧಾಡಿ? ಶಾಲೆಯ ದಾಖಲೆಯಲ್ಲಿ ತನ್ನದೇ ಸುಳ್ಳು ತಾರೀಖು ಇಟ್ಟುಕೊಂಡು ಸರ್ಕಾರದ ಸಂಬಳ ತಿನ್ನುವವಳು, ತಮ್ಮನ ಒಂದು ಭಾನುವಾರಕ್ಕೆ ಇಷ್ಟು ನಿಷ್ಠುರವಾಗಬೇಕೆ?

ಆವಾಗಲೇ ನಾನು ಸುಳ್ಳು ಹೇಳಿದ್ದು. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. “ನಿಮ್ಮಕ್ಕ ಒಪ್ಪಿಕೊಂಡಾಳ. ನೀ ಹೇಳೂದೇ ಖರೆ ಅಂತ ನನ್ನ ಮುಂದ ಅಂದಾಳ. ಬಾಯಿಬಿಟ್ಟು ನಿಂಗ ಹೇಳೂದಿಲ್ಲ, ಅಕಿ ಸ್ವಭಾವ ನಿಂಗ ಗೊತ್ತದ. ಬಂದು ಕರಕೊಂಡು ಹೋಗು. ಆ ಮಾತು ಮಾತ್ರ ಎತ್ತಬ್ಯಾಡ.”

ಅವನ ಮುಖ ಅರಳಿದ್ದು ನೋಡಿ ನನಗೆ ಒಳಗೇ ಕಸಿವಿಸಿಯಾಯಿತು. ಆದರೂ ಮನೆಗೆ ಬಂದು ಹೆಂಡತಿಗೆ ಇದನ್ನೇ ತಿರುವಿ ಹೇಳಿದೆ. ನಿನ್ನ ತಮ್ಮ ಒಪ್ಪಿಕೊಂಡಾನ, ಬಾಯಿಬಿಟ್ಟು ಹೇಳೂದಿಲ್ಲ, ನೀ ಕೆದಕಬ್ಯಾಡ.  ಅವಳು ಹೋಗಿ ಇನ್ನಷ್ಟು ಬೆಲ್ಲ ಜಜ್ಜಿದಳು. ನನ್ನ ಉಪಾಯಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಇಪ್ಪತ್ತು ವರ್ಷ ಸಂಧಿ ಒಪ್ಪಂದಗಳ ಪಾಠ ಮಾಡಿದವನು, ಇಷ್ಟೂ ಆಗದಿದ್ದರೆ ಹೇಗೆ ಎಂದುಕೊಂಡೆ. ಆ ಒಪ್ಪಂದಗಳೆಲ್ಲ ಎಷ್ಟು ದಿನ ಬಾಳಿದವು ಎಂಬುದನ್ನು ಅದೇ ಪಾಠದ ಮುಂದಿನ ಪುಟದಲ್ಲಿ ನಾನೇ ಹೇಳಿಕೊಡುತ್ತೇನೆ.

ಪಂಚಮಿಯ ಹಿಂದಿನ ದಿನ ಬೆಳಗ್ಗೆ ಅವನು ಬೈಕಿನಲ್ಲಿ ಬಂದ. ಅಕ್ಕನಿಗೆ ಹಸಿರು ಸೀರೆ, ಒಂದು ಡಜನ್ ಬಳೆ, ನನಗೆ ಬಾಳೆಹಣ್ಣು. ಅವಳು ಕೈಕಾಲಿಗೆ ನೀರು ಕೊಟ್ಟಳು. ಎಳ್ಳುಂಡಿ, ರವೆ ಉಂಡಿ, ಶೇಂಗಾ ಉಂಡಿ ತಟ್ಟೆಯಲ್ಲಿ ಮುಂದಿಟ್ಟಳು. ಸೊರಗೀಯಲ್ಲೋ ಎಂದಳು. ಇಲ್ಲಕ್ಕ, ಆರಾಮ ಅದೀನಿ ಎಂದ. ನಾನು ನಡುವೆ ಕೂತು, ಈ ಸಲ ಮಳೆ ಹೇಗೆ, ಯಾದಗಿರಿಯ ರಸ್ತೆ ಹೇಗೆ ಎಂದು ಬಾಯಿಗೆ ಬಂದದ್ದು ಕೇಳುತ್ತಿದ್ದೆ. ಹತ್ತು ನಿಮಿಷ ಎಲ್ಲ ಬಂಗಾರದಂತೆ ನಡೆಯಿತು. ಇಬ್ಬರೂ ಗೆದ್ದವರ ಹಾಗೆ ದೊಡ್ಡ ಮನಸ್ಸಿನಿಂದ ನಗುತ್ತಿದ್ದರು. ನನಗೆ ಅದೇ ಭಯ ಹುಟ್ಟಿಸಿತು.

ಎರಡನೇ ಉಂಡಿ ಮುರಿಯುತ್ತ ಅವನು ಅಂದ, “ಹೋಗ್ಲಿ ಬಿಡಕ್ಕಾ. ತಪ್ಪು ಎಲ್ಲಾರೂ ಮಾಡ್ತಾರ.”

“ಹೂಂ ಮತ್ತ. ನೀ ತಿಳಕೊಂಡಿಯಲ್ಲ, ಸಾಕು” ಎಂದಳು ಅವಳು.

“ನಾ ಏನು ತಿಳಕೊಂಡೆ?”

“ತಪ್ಪು ಅಂದಿಯಲ್ಲ ಈಗ. ಯಾರ ತಪ್ಪು?”

“ನಿಂದು!”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದೆ. ಆಮೇಲೆ ನಡೆದದ್ದನ್ನು ಬರೆದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಹೆಂಡತಿಯಿಂದ ಒಂದು ಕಡೆ, ಭಾಮೈದನಿಂದ ಒಂದು ಕಡೆ, ಮಾಸ್ತರಾಗಿ ಹಿಂಗ ಸುಳ್ಳ ಹೇಳ್ತೀರೇನ್ರಿ ಎಂದು ಎರಡೂ ಕಿವಿಗೆ ಬಿತ್ತು. ನನಗೂ ತಲೆ ಕೆಟ್ಟಿತು. “ಹೇಳ್ತೀನಿ! ಇನ್ನೂ ಹತ್ತು ಹೇಳ್ತೀನಿ! ನಿಮ್ಮ ಸಲುವಾಗಿ ಅರ್ಧ ದಿನ ರಜಾ ಹಾಕಿ ಒಂದು ಕಾಲ ಮ್ಯಾಲ ನಿಂತು ಹೋಗಿ ಬಂದೀನಿ. ನೀವು ಮನಷ್ಯಾರೇನು?” ಎಂದು ಕೂಗಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿದರು. ಪಂಚಮಿ ಮಾತುಕತೆ ನಡದದ ಎಂದು ಹೇಳಿ ಒಳಗೆ ಕಳಿಸಿದೆ.

ಅಷ್ಟರಲ್ಲಿ ಅಕ್ಕ ತಮ್ಮಂದಿರು ನನ್ನನ್ನು ಮರೆತು ಪರ್ಸೋಂ ಹಿಡಿದುಕೊಂಡಿದ್ದರು. ಅವಳು ಪಕ್ಕದ ಮನೆಯ ಮುದುಕಿ, ಬೇವಿನ ಮರ, ಮೊಣಕಾಲು ಎಲ್ಲ ತಂದಳು. ಅವನು ಹಿಂದಿಯ ನಿಘಂಟು ಫೋನಿನಲ್ಲಿ ತೆಗೆದು ತೋರಿಸಿದ. ಅವಳು ನಿಘಂಟನ್ನು ಆಚೆ ತಳ್ಳಿದಳು.

“ನಿಂಗ ಏನು ನೆನಪದ ಹೇಳು ನೋಡೋಣು” ಎಂದಳು. “ಸುಮ್ನ ತೊಡಿ ತೊಡಿ ಅಂತಿ.”

ಅವನು ಕೂಗುವುದು ನಿಲ್ಲಿಸಿದ. ದನಿ ತಗ್ಗಿಸಿ ಹೇಳತೊಡಗಿದ. “ನಾ ಬಲಮಗ್ಗಲಾಗಿ ಮಲಗಿದ್ದೆ. ನನ್ನ ಕಿವಿ ತೊಡಿಗಿ ಹತ್ತಿತ್ತು. ಗುರು ಸಾಯಾಕತ್ತಾಗ ನಾ ಅಳಬಾರದು ಅಂತ ಅವ್ವ ನನ್ನ ಕಣ್ಣಮ್ಯಾಲ ಕೈ ಇಟ್ಲು. ಬೆರಳು ಸಂದ್ಯಾಗಿಂದ ನಾ ನೋಡಿದೆ. ಕೆಂಪು ಕೆಂಪು ಕಂದೀಲು, ಒಂದೊಂದs ಆರಾಕತ್ತಿದ್ವು. ಅವ್ವನ ಬೆರಳು ಸೈತ ಕೆಂಪಗ ಕಾಣತಿದ್ವು. ಅಕಿ ಹೊಟ್ಟಿ ಗುಡುಗುಡು ಅಂತಿತ್ತು, ಉಪವಾಸ ಇದ್ಲೋ ಏನೋ. ಇಷ್ಟೇ ಅಕ್ಕಾ. ಗ್ವಾಡಿ ಮ್ಯಾಲಿನ ಫೋಟೋದಾಗಿನ ಅವ್ವ ನಂಗ ಯಾರೋ ಅನಸ್ತಾಳ. ಇಕಿ ಮಾತ್ರ ನಮ್ಮವ್ವ.”

   ಹೆಂಡತಿ ತಟ್ಟೆಯಲ್ಲಿ ಬಿದ್ದ ಉಂಡಿಯ ಪುಡಿಯನ್ನು ಬೆರಳಿನಿಂದ ಒಟ್ಟುಗೂಡಿಸಿದಳು. ಮತ್ತೆ ಹರಡಿದಳು.

“ಹೌದು” ಎಂದಳು. “ಉಪವಾಸ ಇದ್ಲು. ಸೋಮವಾರದ ಹಂಗ ಐತವಾರನೂ ಹಿಡದಿದ್ಲು ಆ ವರ್ಷ. ನಂಗ ಈಗ ನೆನಪಾತು. ನೀ ಹೇಳೂದೇ ಖರೆ ತಮ್ಮಾ. ಎರಡs ದಿನ.”

“ಖರೆ ಅಂತೀಯೋ, ಮಾಮಾನ ಹಂಗ ಸುಳ್ಳೋ?”

“ಖರೆ. ನಂದೇ ಗಲತ್ ಆಗಿತ್ತು.”

ಅವನು ಅಕ್ಕನ ಕೈ ಹಿಡಿದುಕೊಂಡ. ಆಮೇಲೆ ಮೂಗು ಒರೆಸಿಕೊಂಡು, ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಬರ್ತೀನಿ, ನೀ ಚೀಲ ತಯಾರು ಮಾಡು ಎಂದು ಹೊರಗೆ ಹೋದ. ಓಣಿಯ ತಿರುವಿನ ತನಕ ಹಾರನ್ನು ಬಾರಿಸುತ್ತಲೇ ಹೋದ.

ನನಗೆ ಖುಷಿಯಾಗಬೇಕಿತ್ತು. ಆದರೆ ಐದು ತಿಂಗಳು ನನ್ನ ಚಹಾ ಕಸಿದುಕೊಂಡವಳು ಐದು ನಿಮಿಷದಲ್ಲಿ ಒಪ್ಪಿಕೊಂಡರೆ ಸಿಟ್ಟು ಬಾರದೇ ಇರುತ್ತದೆಯೇ? “ಇಷ್ಟs ಇತ್ತೇನು? ಇದನ್ನ ಮೊದಲೇ ಅಂದಿದ್ರ ನಿನ್ನ ಗಂಟೇನು ಹೋಗತಿತ್ತು?” ಎಂದೆ.

ಅವಳು ಚೀಲಕ್ಕೆ ಹಸಿರು ಸೀರೆ ಮಡಚಿ ಇಡುತ್ತಿದ್ದಳು. ತಲೆ ಎತ್ತಲಿಲ್ಲ.

“ಅವ್ವ ಇರೂತನಕ ನಮ್ಮ ಮನ್ಯಾಗ ಇದ್ದದ್ದು ಕರಿ ಬಿಳಿ ಟಿವಿ ರಿ. ಅದರಾಗ ಕೆಂಪು ಎಲ್ಲಿಂದ ಬರಬೇಕು? ಬಣ್ಣದ ಟಿವಿ ಅಪ್ಪ ತಂದದ್ದು ಅವ್ವ ಹೋದ ಮರುವರ್ಷ.”

ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಇಸವಿಗಳನ್ನು ಜೋಡಿಸುವ ಕಸುಬಿನವನು ನಾನು, ಆದರೂ ಬೇಕಾಯಿತು.

“ಮತ್ತ ಆ ತೊಡಿ?”

“ನಂದು. ಅಪ್ಪ ಗೇಟಿಗೆ ಹೋಗಿದ್ರು. ರೊಟ್ಟಿ ಎರಡು ಉಳದಿದ್ವು, ಅವಗ ಹಾಕಿದ್ದೆ. ಅದಕ್ಕ ಹೊಟ್ಟಿ ಗುಡುಗುಡು ಅಂತಿತ್ತು.” ಚೀಲದ ಜಿಪ್ಪು ಎಳೆದಳು. ಅದು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. “ಗ್ರೂಪಿನ್ಯಾಗ ಅವ ಅವ್ವನ ತೊಡಿ ಅಂತ ಬರದಾಗ ನಂಗ ಭಾಳ ಸಿಟ್ಟು ಬಂದಿತ್ತು. ಹತ್ತು ವರ್ಷ ನಾ ಎತ್ತಿ ಆಡಸೀನಿ, ಇವಗ ಒಂದು ದಿನಾನೂ ನಾ ನೆನಪಿಲ್ಲಲ್ಲ ಅಂತ.”

“ಹಂಗಾರ ಹೇಳಬೇಕಿತ್ತು! ಈಗೂ ಹೇಳು! ಅವಗ ಗೊತ್ತಾಗಲಿ. ಸುಳ್ಳನ್ನ ಯಾಕ ಖರೆ ಮಾಡ್ತಿ?” ನನ್ನ ದನಿ ಮತ್ತೆ ಏರಿತ್ತು. ನಿಜ ಹೇಳಬೇಕೆಂದರೆ ಅಳು ಬರುವಂತಾಗಿತ್ತು, ಅದಕ್ಕೇ ಕೂಗುತ್ತಿದ್ದೆ.

“ಸುಮ್ನಿರ್ರಿ” ಎಂದಳು. “ಅವಗ ಅವ್ವ ಸಿಕ್ಕದ್ದು ಅದೊಂದೇ ದಿನ. ನಾ ಇನ್ನೂ ಅದೀನಲ್ಲ.”

ಹೊರಗೆ ಬೈಕು ಬಂದು ನಿಂತಿತು. ಅವಳು ಅರ್ಧ ಮುಚ್ಚಿದ ಚೀಲವನ್ನು ಹಾಗೇ ಎತ್ತಿಕೊಂಡು, ಉಂಡಿಯ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಒಲೆ ಆರಿಸೋದು ಮರೀಬ್ಯಾಡ್ರಿ ಎಂದು ಹೇಳಿ ತಮ್ಮನ ಹಿಂದೆ ಕೂತಳು. ಇಬ್ಬರೂ ಸುರಪುರದ ದಾರಿ ಹಿಡಿದರು.

ಮಧ್ಯಾಹ್ನ ಗ್ರೂಪಿನಲ್ಲಿ ಅವಳ ಬರಹ ಬಂತು. ತನ್ನದೇ ತಪ್ಪು, ಗುರು ಸತ್ತದ್ದು ಎರಡೇ ದಿನದ ಹಿಂದೆ. ಗದ್ದಲವೋ ಗದ್ದಲ. ಐದು ತಿಂಗಳು ಅವಳ ಪಾರ್ಟಿಯಲ್ಲಿದ್ದ ಕಲಬುರಗಿಯವರು ದಗಾ ಆಯಿತೆಂದು ಬೊಬ್ಬೆ ಹಾಕಿದರು. ಕೊನೆಗೆ ರಾಯಚೂರಿನ ಯಜಮಾನ ನನ್ನನ್ನೇ ಹಿಡಿದ. “ಸರ್, ನೀವು ಇತಿಹಾಸದ ಮಾಸ್ತರು. ನೀವು ಹೇಳಿದ್ದು ಪಟ್ಟಿಗಿ ಹಾಕ್ತೀವಿ. ಪುರಾವೆ ಸಮೇತ ಹೇಳ್ರಿ.”

ತಾರೀಖು ತಪ್ಪು ಬರೆದ ಹುಡುಗರ ಕಿವಿ ಹಿಂಡುತ್ತ ಬಂದವನು ನಾನು. ಒಲೆಯ ಮುಂದೆ ನಿಂತೇ ಟೈಪು ಮಾಡಿದೆ. “ಪರ್ಸೋಂ ಅಂದರೆ ಎರಡು ದಿನ. ಆ ಕಂತು ಮೊದಲನೇ ಭಾಗದಲ್ಲೇ ಬಂದದ್ದು. ಅವರ ಅವ್ವ ಇದ್ದರು.” ಪುರಾವೆ ಎಲ್ಲಿ ಸರ್, ಪುರಾವೆ ಎಲ್ಲಿ ಎಂದು ಅವರು ಸಂಜೆತನಕ ಕೇಳಿದರು. ನಾನು ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಬೋರಲು ಇಟ್ಟು, ರೊಟ್ಟಿ ಬಡಿಯಲು ಕೂತೆ.